ಬಲಕ್ಕೆ ತಿರುಗಿದ ಟ್ಯಾಂಕು

2024, ನವೆಂಬರ್ 19. ಮಂಗಳವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ.

ನನ್ನ ಬಲಗೈಗೂ ನೂರೆಂಬತ್ತು ಡಿಗ್ರಿ ಶಾಖಕ್ಕೂ ನಡುವೆ ಒಂದೇ ಅಂಗುಲ ಜಾಗವಿತ್ತು!

ಹೊನ್ನಾಳಿಯ ಬಸ್ ಸ್ಟ್ಯಾಂಡ್ ಹಿಂದಿನ ಗಿಫ್ಟ್ ಅಂಗಡಿ. ಮಗ್ಗಿನ ಮೇಲೆ ಚಿತ್ರ ಒತ್ತುವ ಮೆಷಿನ್. ಅದರ ಕಾದ ಬಾಯಿಗೆ ನನ್ನ ಅಂಗೈ ತುರುಕಲು ನೋಡುತ್ತಿದ್ದವನು ಬಸಣ್ಣ. ಓಂಕಾರನ ಕಡೆಯವನು.

"ಮಾಲತೇಶನ್ನ ಹುಡುಕೋದು ಬಿಡ್ತೀಯೋ ಇಲ್ವೋ, ತಿಪ್ಪೇಶಿ?"

"ಬಿಡ್ತೀನಿ ಮಾರಾಯ... ಮೊದ್ಲು ನೀನು ನನ್ ಕೈ ಬಿಡು!"

ಅವನಿಗೆ ನಗು ಬಂತು. ನಗುವವನ ಹಿಡಿತ ಸಡಿಲ. ಎಡಗೈಗೆ ಸಿಕ್ಕ ಮಗ್ಗನ್ನು ಅವನ ಕಿವಿಯ ಹಿಂದಕ್ಕೆ ಬೀಸಿದೆ. ಪಿಂಗಾಣಿ ಚೂರಾಯಿತು. ಬಸಣ್ಣ ನೆಲ ಕಂಡ.

"ಅಯ್ಯೋ, ಗಿರಾಕಿ ಮಗ್ಗು ರೀ ಅದು!" ಅಂಗಡಿಯ ಆಶಾ ಕಿರುಚಿದರು.

ವಿಷಯ ಇಷ್ಟು, ಸಾರ್. ಓಂಕಾರ್ ಮರಳು ಲಾರಿ ಹತ್ತಿಸಿ ಒಬ್ಬನನ್ನು ಕೊಂದಿದ್ದ. ಕಣ್ಣಾರೆ ಕಂಡವನು ಮಾಲತೇಶ್ ಒಬ್ಬನೇ. ಬುಧವಾರ ಬೆಳಗ್ಗೆ ಕೋರ್ಟಿನಲ್ಲಿ ಅವನ ಸಾಕ್ಷಿ. ಸೋಮವಾರವೇ ಅವನನ್ನು ಎತ್ತಿಕೊಂಡು ಹೋಗಿದ್ದರು.

ಮಾಲತೇಶನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಬೇಕು. ತಪ್ಪಿದರೆ ರಕ್ತದಲ್ಲಿ ಆಮ್ಲ ಏರುತ್ತದೆ, ಉಸಿರು ಕೆಡುತ್ತದೆ, ಆಮೇಲೆ ಪ್ರಾಣ. ಅವನ ಔಷಧಿ ನನ್ನ ಚೀಲದ ಫ್ಲಾಸ್ಕಿನಲ್ಲಿ ಐಸಿನ ನಡುವೆ ಕೂತಿತ್ತು. ಹೆಂಡತಿ ನೇತ್ರಾವತಿ, ಗಂಡನ ಗೆಳೆಯನೆಂದು ನನ್ನನ್ನೇ ನಂಬಿ, ಅಳುತ್ತಾ ಕೊಟ್ಟದ್ದು.

ಅವಳ ಫೋನಿಗೆ ಒಂದು ಸೆಲ್ಫಿ ಬಂದಿತ್ತು, ಎತ್ತಿಕೊಂಡು ಹೋದವರೇ ತೆಗೆಸಿ ಕಳಿಸಿದ್ದು. ಮಾಲತೇಶ್, ಕೈಯಲ್ಲಿ ಮಗ್ಗು. ಕೆಳಗೆ ಎರಡು ಸಾಲು. 'ಆರಾಮಾಗಿದೀನಿ. ಪೊಲೀಸರಿಗೆ ಹೇಳಬ್ಯಾಡ, ನನ್ ಜೀವ ಹೋಗ್ತೈತೆ.'

ಮಗ್ಗಿನ ಮೇಲೆ ಯುದ್ಧ! ಎಪ್ಪತ್ತೊಂದರ ಟ್ಯಾಂಕ್ ಕಾಳಗ. ಧೂಳು, ಬೆಂಕಿ, ನಳಿಗೆಯನ್ನು ಬಲಕ್ಕೆ ಚಾಚಿದ ಟ್ಯಾಂಕು. ಸುತ್ತಮುತ್ತ ಮಗ್ಗಿಗೆ ಚಿತ್ರ ಒತ್ತುವುದು ಈ ಅಂಗಡಿ ಒಂದೇ.

ಓಂಕಾರನಿಗೆ ನಾಲ್ಕು ಅಡ್ಡೆ. ಚನ್ನಗಿರಿಯಲ್ಲಿ ಗೋಡೌನ್, ಹೊನ್ನಾಳಿಯಲ್ಲಿ ಲಾಡ್ಜ್, ನ್ಯಾಮತಿಯಲ್ಲಿ ಅಕ್ಕಿ ಗಿರಣಿ, ಜಗಳೂರಿನಾಚೆ ಕಲ್ಲಿನ ಕ್ರಷರ್. ಮಾಲತೇಶನಲ್ಲಿ ಉಳಿದ ಉಸಿರು ಒಂದು ಕಡೆ ಹುಡುಕುವಷ್ಟು ಮಾತ್ರ.

ಫೋಟೋ ತೋರಿಸಿದೆ. "ಈ ಮಗ್ಗು ನಿಮ್ದೇನಾ ಮೇಡಂ?"

"ನಮ್ದೇ ರೀ. ನ್ಯಾಮತಿ ಮಾಜಿ ಸೈನಿಕರಿಗೆ ಮಾಡಿದ್ದು. ಚಿತ್ರ ಬರೆದೋರು ಕಲ್ಲೇಶಪ್ಪಾರು, ಆ ಯುದ್ಧದಾಗೆ ಟ್ಯಾಂಕ್ ಓಡಿಸಿದೋರು. ಓಂಕಾರನ ಗಿರಣಿ ವಾಚ್‌ಮನ್ನೂ ಒಂದು ತಗಂಡಾನೆ. ಅವನೂ ಮಿಲಿಟ್ರಿಯೋನೇ."

ನ್ಯಾಮತಿ! ಬಾಗಿಲಿನ ತನಕ ಓಡಿದೆ...

"ತಡೀರಿ! ಸರಿ ಮಗ್ಗಿನಾಗೆ ಟ್ಯಾಂಕಿನ ನಳಿಗೆ ಎಡಕ್ಕಿರ್ತೈತೆ. ಇದ್ರಾಗೆ ಬಲಕ್ಕೈತೆ!"

"ಅಂದ್ರೆ?"

"ಚಿತ್ರಾನ ಉಲ್ಟಾ ಮಾಡಿ ಪೇಪರಿಗೆ ತೆಗೀಬೇಕು, ಆಗ ಮಗ್ಗಿನ ಮ್ಯಾಲೆ ಸರಿಯಾಗಿ ಕೂರ್ತೈತೆ. ಮೊದಲ್ನೇ ಲಾಟಿನಾಗೆ ಮರ್ತೆ. ಕಲ್ಲೇಶಪ್ಪಾರು ನೋಡಿ ಕೂಗಾಡಿದ್ದೇ ಕೂಗಾಡಿದ್ದು. 'ನಾವು ಪಶ್ಚಿಮಕ್ಕೆ ನುಗ್ಗಿದೋರು ಕಣಮ್ಮ! ವಾಪಸ್ ಓಡಿಹೋದಂಗೆ ಮಾಡೀಯಲ್ಲ!' ಅಂತ."

"ಆ ಲಾಟು ಎಲ್ಲೈತೆ?"

"ಜಗಳೂರು ಕ್ರಷರ್‌ನೋರು ಒಯ್ದರು. ಆಳುಗಳು ಚಾ ಕುಡಿಯಾಕೆ ಸಾಕು ಅಂತ."

ಆದರೆ ಇದು ಸೆಲ್ಫಿ! ಎಷ್ಟೋ ಫೋನುಗಳು ಸೆಲ್ಫಿಯನ್ನು ಕನ್ನಡಿಯ ಹಾಗೆ ತಿರುಗಿಸಿಬಿಡುತ್ತವೆ. ತಿರುಗಿದ್ದು ಮಗ್ಗೋ, ಫೋಟೋವೋ? ನ್ಯಾಮತಿ ಒಂದು ದಿಕ್ಕು, ಜಗಳೂರು ಅದಕ್ಕೆ ಬೆನ್ನು ಹಾಕಿದ ದಿಕ್ಕು. ತಪ್ಪಿದರೆ ಹೆಣ ಸಿಗುತ್ತದೆ.

ಫೋಟೋ ಹಿಗ್ಗಿಸಿದೆ.

ಅಂಗಿಯ ಜೇಬು!

ಗಂಡಸರ ಅಂಗಿಗೆ ಜೇಬು ಎಡ ಎದೆಯ ಮೇಲೆ. ಎದುರು ನಿಂತು ನೋಡುವ ನನಗೆ ಅದು ಬಲಗಡೆ ಕಾಣಬೇಕು. ಬಲಗಡೆಯೇ ಇತ್ತು. ಫೋಟೋ ನೆಟ್ಟಗಿದೆ. ತಿರುಗಿದ್ದು ಮಗ್ಗು!

ಜಗಳೂರು!

ಬಸಣ್ಣನನ್ನು ಒಳಗೇ ಬಿಟ್ಟು ಆಶಾ ಶಟರ್ ಎಳೆದರು. ಅವನದೇ ಬೊಲೆರೋ ಹತ್ತಿ ಹೊರಟೆ. ದಾವಣಗೆರೆ ದಾಟುವಾಗ ಸೀಟಿನ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ಓಂಕಾರ್! ಎತ್ತದಿದ್ದರೆ ಅನುಮಾನ.

"ಏನಾತು?"

"ಮುಗೀತಣ್ಣ." ದನಿ ಗೊಗ್ಗರಾಗಿಸಿದೆ.

"ಯಾವನಲೇ ನೀನು? ಬಸಣ್ಣ ನನಗೆ ಮಾವ ಆಗಬೇಕು. ಅವನು ನನ್ನ ಅಣ್ಣ ಅಂತಾನಾ?"

ಫೋನ್ ಕಟ್. ಇನ್ನು ಮಾಲತೇಶನನ್ನು ಬೇರೆ ಕಡೆ ಸಾಗಿಸುತ್ತಾರೆ... ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಲಿಲ್ಲ.

ಕ್ರಷರ್ ಗೇಟು ಮುಚ್ಚಿಕೊಳ್ಳುತ್ತಿತ್ತು. ಬ್ರೇಕಿನ ನೆನಪೇ ಆಗಲಿಲ್ಲ, ಸಾರ್. ಗೇಟು ಒಂದು ಕಡೆ, ಬಂಪರು ಇನ್ನೊಂದು ಕಡೆ!

ಇಬ್ಬರು ಆಳುಗಳು ಮಾಲತೇಶನನ್ನು ಜೀಪಿನತ್ತ ಎತ್ತಿಕೊಂಡು ಹೋಗುತ್ತಿದ್ದರು. ಒಬ್ಬ ರಾಡು ಎತ್ತಿದ.

"ಹೊಡಿಯಲೇ! ಅದಕ್ಕೂ ಮೊದ್ಲು ಅವನ ಮುಖ ನೋಡು. ಅವನು ಸತ್ರೆ ಕೊಲೆ ಕೇಸು ನಿಮ್ಮಿಬ್ಬರ ತಲೆಗೆ. ಓಂಕಾರ್ ಬಂದು ಜೈಲಿನಾಗೆ ಕೂರ್ತಾನಾ?"

ನೋಡಿದರು. ಮಾಲತೇಶ್ ಮಲಗಿದ್ದಲ್ಲೇ ಮೈಲು ಓಡಿದವನಂತೆ ಏದುಸಿರು ಬಿಡುತ್ತಿದ್ದ. ಬಾಯಿಂದ ಕೊಳೆತ ಹಣ್ಣಿನ ವಾಸನೆ.

ರಾಡು ಬಿತ್ತು. ಇಬ್ಬರೂ ಜಲ್ಲಿ ರಾಶಿಯ ಹಿಂದಕ್ಕೆ ಓಟ ಕಿತ್ತರು.

ಶೆಡ್ಡಿನಿಂದ ಅಡುಗೆಯ ಗಿಡ್ಡಮ್ಮ ಬಂದಳು.

"ಇವನಿಗೆ ಏನು ಕೊಟ್ಟಿದೀಯವ್ವಾ?"

"ಚಾ ಕಣಪ್ಪ. ಬಾಯಿ ಒಣಗ್ತೈತೆ ಅಂತಿದ್ದ. ಸಕ್ಕರೆ ಬ್ಯಾಡ ಅಂದ... ಬಂದೋರು ಸಂಕೋಚಕ್ಕೆ ಹಂಗೇ ಅಂತಾರಲ್ಲ! ಕಟ್ಟಿಹಾಕಿದಾರೆ ಅಂತ ಸಪ್ಪೆ ಚಾ ಕೊಡಾಕೆ ಆಗ್ತೈತಾ? ಎರಡು ಚಮಚ ಜಾಸ್ತೀನೇ ಹಾಕಿದೆ."

"ಎಷ್ಟು ಸಲ?"

"ಕೇಳಿದಾಗೆಲ್ಲ!"

ನೇತ್ರಾವತಿ ಹೇಳಿದ ಪ್ರಮಾಣದಷ್ಟು ಇನ್ಸುಲಿನ್ ಚುಚ್ಚಿ, ಅವನನ್ನು ಹಿಂದಿನ ಸೀಟಿಗೆ ಹಾಕಿದೆ. ವಿಷಯ ತಿಳಿದ ಗಿಡ್ಡಮ್ಮ ಕೇಳದೆಯೇ ಹತ್ತಿ, ಅವನ ತಲೆ ತೊಡೆಯ ಮೇಲಿಟ್ಟುಕೊಂಡಳು. ಆಸ್ಪತ್ರೆಯ ತನಕ ಅವಳು ಒಂದೇ ಮಾತು ಆಡಿದ್ದು... "ಬ್ಯಾಡ ಅಂದಿದ್ದ ಕಣಪ್ಪ. ನಿಜವಾಗ್ಲೂ ಬ್ಯಾಡ ಅಂದಿದ್ದ."

ಮಾಲತೇಶ್ ಬದುಕಿದ. ಸಾಕ್ಷಿಗೆ ಬೇರೆ ತಾರೀಖು ಸಿಕ್ಕಿತು. ಕಟಕಟೆಗೆ ಒರಗಿಕೊಂಡೇ ಓಂಕಾರನತ್ತ ಬೆರಳು ತೋರಿಸಿದ.

ಅಪಹರಣದ ಕೇಸು ಇನ್ನೂ ನಡೆಯುತ್ತಿದೆ. ಓಂಕಾರನ ವಕೀಲರ ವಾದ ಕೇಳಬೇಕು ನೀವು! "ಅಪಹರಣ ಎಲ್ಲಿ ಸ್ವಾಮಿ? ಅತಿಥಿಯ ಹಾಗೆ ನೋಡಿಕೊಂಡಿದ್ದಾರೆ. ಕೇಳಿದಾಗಲೆಲ್ಲ ಚಹಾ ಕೊಟ್ಟಿದ್ದಾರೆ!"

ನಿಜ, ಕೊಟ್ಟಿದ್ದಾರೆ. ಆಸ್ಪತ್ರೆಗೆ ಸೇರಿಸಿದಾಗ ನೂರರ ಆಸುಪಾಸಿನಲ್ಲಿರಬೇಕಾದ ಮಾಲತೇಶನ ರಕ್ತದ ಸಕ್ಕರೆ ಡೆಸಿಲೀಟರಿಗೆ 612 ಮಿಲಿಗ್ರಾಂ.