ಹೂವಿನ ದಿಂಬಿನ ಕವರು

ಬೆಳಗಿನ ಹಾಜರಿ ಮುಗಿಯುವ ಮೊದಲೇ ಆಕೆ ಠಾಣೆಗೆ ಓಡಿಬಂದಿದ್ದಳು. ರವಿಕೆಯ ತೋಳಿನ ಮೇಲಿದ್ದ ಗಂಡನ ರಕ್ತ ಇನ್ನೂ ಆರಿರಲಿಲ್ಲ.

"ಉಸಿರಾಡೋಕೆ ಗಂಟಲಲ್ಲಿ ತೂತು ಮಾಡಿ ಕೊಳವೆ ಇಟ್ಟಿದ್ರು ಮೇಡಂ. ಇವತ್ತು ಅದರಿಂದ ರಕ್ತ ಚಿಮ್ತು. ವಾರ್ಡಿನ ಆ ಅಟೆಂಡರ್ ಏನೋ ಮಾಡಿದಾನೆ."

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಮೇಡಂ ಅವಳನ್ನೂ ದಫೇದಾರನನ್ನೂ ಕರೆದುಕೊಂಡು ಆಸ್ಪತ್ರೆಗೆ ಬಂದರು. ಐಸಿಯು ಬಾಗಿಲಲ್ಲೇ ಸರ್ಜನ್ ಸಿಕ್ಕರು.

"ಕೊಳವೆಯ ಬಲೂನು ಉಬ್ಬಿಸಿ ರಕ್ತ ತಡೆದಿದೀನಿ. ಎಷ್ಟು ಹೊತ್ತು ತಡೆಯುತ್ತೋ ಗೊತ್ತಿಲ್ಲ. ನಿನ್ನೆ ಸ್ವಲ್ಪವಾದ್ರೂ ರಕ್ತ ಬಂದಿತ್ತಾ? ಕೇಳಿದ್ರೆ ಎಲ್ರೂ ಇಲ್ಲ ಅಂತಾರೆ."

"ಬಂದಿದ್ರೆ?"

"ಕೊಳವೆ ಉಜ್ಜಿ ದೊಡ್ಡ ರಕ್ತನಾಳ ಸವೆದಿದೆ ಅಂತ. ತೀರಾ ಅಪರೂಪ. ಮೊದಲು ಚೂರು ಬಂದು ನಿಲ್ಲುತ್ತೆ, ಆಮೇಲೆ ಕಟ್ಟೆ ಒಡೆಯುತ್ತೆ. ಎದೆ ತೆರೀಲೇಬೇಕು. ನಿನ್ನೆ ಬರದೆ ಇದು ಇವತ್ತಿನ ಬರೀ ಗಾಯ ಆಗಿದ್ರೆ, ಈ ಸ್ಥಿತೀಲಿ ತೆರೆದ್ರೆ ನಾನೇ ಕೊಂದ ಹಾಗೆ."



ಬೆಳಿಗ್ಗೆಯವರೆಗೆ ಗಂಡನಿದ್ದ ವಾರ್ಡಿನಲ್ಲಿ ಪಂಚನಾಮೆ ಶುರುವಾಯಿತು. ದಫೇದಾರ ಗೋಡೆಗೆ ಒರಗಿ ಬರೆಯುತ್ತಿದ್ದ. "ಇಷ್ಟು ವರ್ಷ ಸರ್ವೀಸಾದ್ರೂ ರಕ್ತ ಕಂಡ್ರೆ ನನ್ನ ಕಾಲು ರಜಾ ಕೇಳ್ತವೆ ಮೇಡಂ."

ರಕ್ತದಲ್ಲಿ ನೆನೆದ ಹಾಸಿಗೆಯ ಬಟ್ಟೆ ಬಿಳಿ, ಆಸ್ಪತ್ರೆಯ ಮುದ್ರೆಯಿತ್ತು. ದಿಂಬಿನ ಕವರು ಮಾತ್ರ ಹೂವಿನದು.

"ಇದು?"

"ನಮ್ಮನೇದು," ಎಂದಳು ಹೆಂಡತಿ. "ನಿನ್ನೆ ಮೈದುನ ಹಾಕ್ದ. ಅಣ್ಣಂಗೆ ಇಲ್ಲೀದು ಚುಚ್ಚುತ್ತಂತೆ."

ಮೈದುನ ಕಾರಿಡಾರಿನ ಬೆಂಚಿನ ಮೇಲೆ ಬ್ಯಾಗನ್ನು ಅವುಚಿಕೊಂಡು ಕೂತಿದ್ದ.

"ಬಿಳೀ ಕವರು ಎಲ್ಲಿ?"

"ಲಾಂಡ್ರಿಗೆ ಹಾಕ್ದೆ."

"ಬ್ಯಾಗ್ ತೆಗಿ."

ಅವನು ಅದನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

"ನೋಡಪ್ಪ, ನಿಮ್ಮಣ್ಣನ ಹತ್ರ ಟೈಮಿಲ್ಲ. ನಿನ್ನೆ ರಕ್ತ ಬಂತಾ?"

"ಬಂತು ಮೇಡಂ. ಕಫ ಕಟ್ಟಿ ಒದ್ದಾಡ್ತಿದ್ದ. ನರ್ಸಮ್ಮ ಮುಟ್ಟಬೇಡ ಅಂದಿದ್ರು, ಆದ್ರೂ ನಾನೇ ಕಫ ಎಳೆಯೋ ಮಷೀನಿನ ಪೈಪು ಒಳಗೆ ಹಾಕ್ದೆ. ಕೆಂಪಗೆ ಬಂದು ನಿಂತ್ಹೋಯ್ತು. ನನ್ನ ಕೈಯಿಂದಲೇ ಆಯ್ತು ಅಂದ್ಕೊಂಡೆ."

ಮೇಡಂ ಓಡಿದರು. ಸರ್ಜನ್ ಪೂರ್ತಿ ಕೇಳಲೂ ನಿಲ್ಲಲಿಲ್ಲ. ಸ್ಟ್ರೆಚರ್ ಹೊರಡುತ್ತಿದ್ದಂತೆ ರಕ್ತ ಮತ್ತೆ ನುಗ್ಗಿತು. ಸರ್ಜನ್ ರೋಗಿಯ ಗಂಟಲಿನ ತೂತಿನೊಳಗೆ ಬೆರಳು ತೂರಿಸಿ, ನಾಳವನ್ನು ಎದೆಮೂಳೆಗೆ ಒತ್ತಿ ಹಿಡಿದು, ಹಾಗೆಯೇ ಪಕ್ಕದಲ್ಲಿ ನಡೆದರು. ಥಿಯೇಟರಿನ ಬಾಗಿಲು ಮುಚ್ಚಿತು.

ಬ್ಯಾಗಿನಿಂದ ರಕ್ತದ ಕಲೆಯ ಬಿಳಿ ಕವರು ಜಪ್ತಿಯಾಯಿತು. ಸಾಕ್ಷ್ಯ ಬಚ್ಚಿಟ್ಟ ಆರೋಪದ ಮೇಲೆ ಮೇಡಂ ಮೈದುನನನ್ನು ಬಂಧಿಸಿದರು.

"ಅಟೆಂಡರ್ ಮೇಲೆ ದೂರು ಬಿದ್ದಾಗಲೂ ಸುಮ್ಮನಿದ್ಯಲ್ಲೋ?"

"ಅತ್ತಿಗೆ ಮುಖ ನೋಡೋಕಾಗ್ಲಿಲ್ಲ ಮೇಡಂ."

ಸಂಜೆ ಸರ್ಜನ್ ಫೋನ್ ಮಾಡಿದರು. "ನಾಳ ಕಟ್ಟಿದೀವಿ. ಸದ್ಯ ಉಳಿದಿದಾರೆ. ಅದು ಆ ಹುಡುಗನ ಕೈಯಿಂದ ಆದದ್ದಲ್ಲ, ಕೊಳವೆಯಿಂದ. ನಿನ್ನೆಯೇ ಹೇಳಿದ್ರೆ ಇಷ್ಟು ರಕ್ತ ಹೋಗ್ತಿರಲಿಲ್ಲ."

ಮೇಡಂ ಲಾಕಪ್ಪಿನ ಸರಳಿನ ಬಳಿ ನಿಂತು ಹೇಳಿದರು: "ಅಣ್ಣ ಬದುಕಿದಾನೆ. ನಿನ್ನ ಕೈಯಿಂದ ಆದದ್ದಲ್ಲವಂತೆ."

ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಹಾಗಾದ್ರೆ ನಿನ್ನೆಯೇ ಹೇಳ್ಬಹುದಿತ್ತಾ?"

ಮೇಡಂ ಮೇಜಿಗೆ ಬಂದು ಕೇಸ್ ಡೈರಿಯಲ್ಲಿ ಬರೆದರು: ಬಚ್ಚಿಟ್ಟ ಕಾರಣ, ಹೆದರಿಕೆ.