ಚೊಚ್ಚಲ ಮೊಟ್ಟೆ

ಗೂಡಿನ ಹುಲ್ಲಿನಲ್ಲಿ ಕೈಯಾಡಿಸಿದ ಇನ್ಸ್‌ಪೆಕ್ಟರಮ್ಮನಿಗೆ ಸಿಕ್ಕಿದ್ದು ಮೊಟ್ಟೆಯೋ ನಿಂಬೆಹಣ್ಣೋ ಎಂದು ಅನುಮಾನ ಬಂತು. ಇನ್ನೊಂದು ಸಿಕ್ಕಿತು. ಅದರ ಹಣೆಬರಹವೂ ಅಷ್ಟೇ.

"ಇದೇನೇ ಇದು? ನನ್ನ ಕೋಳಿ ಮೊಟ್ಟೆ ಅಂಗೈ ತುಂಬ್ತಿತ್ತು."

"ನೀನು ಆಸ್ಪತ್ರೇಲಿದ್ಯಲ್ಲ ಅಕ್ಕ, ಕೊರಗಿಬಿಟ್ಟಿವೆ," ಎಂದಳು ತೋಳು ಹಿಡಿದು ನಿಂತಿದ್ದ ತಂಗಿ.

ಕೊರಗಿದ ಕೋಳಿ ಮೊಟ್ಟೆ ಇಡುವುದನ್ನೇ ನಿಲ್ಲಿಸೀತು. ಅಳತೆ ಕಡಿಮೆ ಮಾಡಿ ಹರತಾಳ ಹೂಡುತ್ತದೆಯೇ?

ಪೊಲೀಸ್ ಕೆಲಸದಿಂದ ನಿವೃತ್ತಿಯಾದರೂ ಇನ್ಸ್‌ಪೆಕ್ಟರಮ್ಮನ ಮೂಗು ಇನ್ನೂ ಡ್ಯೂಟಿಯಲ್ಲೇ ಇತ್ತು. ರಜೆ ಕಣ್ಣಿಗೆ ಮಾತ್ರ. ಆಪರೇಷನ್ ಆದಮೇಲೆ ಸೋಂಕು ತಗುಲಿ ಎರಡಕ್ಕೂ ಪಟ್ಟಿ ಬಿದ್ದಿತ್ತು. ಊಟ, ಸ್ನಾನ ಎಲ್ಲಕ್ಕೂ ತಂಗಿಯೇ. ಅವಳು ಕೊಟ್ಟ ಮಾತ್ರೆಯನ್ನು ಯಾವುದೆಂದೂ ಕೇಳದೆ ನುಂಗುತ್ತಿದ್ದರು.

ಆಸ್ಪತ್ರೆಗೆ ಹೊರಟಾಗ ತಂಗಿಯನ್ನು ಕೇಳಿಕೊಂಡಿದ್ದು ಒಂದೇ. ಹಿತ್ತಲ ಕೋಳಿಗಳು ಜೋಪಾನ, ಅದರಲ್ಲೂ ಕುಂಟಿ. ನಾಯಿಯ ಬಾಯಿಂದ ಬಿಡಿಸಿ, ಮಡಿಲಲ್ಲಿಟ್ಟುಕೊಂಡು ಬದುಕಿಸಿದ ಕೋಳಿ ಅದು. ಎಷ್ಟೇ ಮುದಿಯಾದರೂ ಕೊಯ್ಯುವ ಮಾತಿಲ್ಲ. "ನನ್ನಾಣೆ," ಎಂದಿದ್ದಳು ತಂಗಿ.

* * *

"ಫೀಡ್ ಅಂಗಡಿಯವನು ಕೋಳಿ ಕಾಳಿನಲ್ಲಿ ಕಲಬೆರಕೆ ಮಾಡಿರ್ಬೇಕು," ಎಂದಳು ತಂಗಿ.

ಅವನನ್ನೇ ಕರೆಸಿದ್ದಾಯಿತು.

"ಹಿಂದಿನ ಬೀದಿಗೂ ಅದೇ ಮೂಟೆಯಿಂದ ಕೊಟ್ಟಿದ್ದು ಅಮ್ಮ. ಅಲ್ಲಿ ಮೊಟ್ಟೆ ದಪ್ಪಗೇ ಇವೆ," ಎಂದು ಮುಖ ಸಣ್ಣ ಮಾಡಿಕೊಂಡು ಹೋದ.

"ಹಾಗಾದ್ರೆ ಬೆಕ್ಕು ಹೆದರಿಸಿರ್ಬೇಕು," ಎಂದಳು ತಂಗಿ.

ಇನ್ಸ್‌ಪೆಕ್ಟರಮ್ಮ ಗೂಡಿನ ಬಲೆಯನ್ನೆಲ್ಲ ತಡವಿದರು. ಬೆಕ್ಕಿನ ಮೀಸೆ ತೂರುವಷ್ಟೂ ಕಿಂಡಿಯಿರಲಿಲ್ಲ. ಒಂದು ಮೊಟ್ಟೆ ಒಡೆದು ಬೆರಳದ್ದಿದರು. ಬೆದರಿದ ಕೋಳಿಯ ಪುಟ್ಟ ಮೊಟ್ಟೆಯಲ್ಲಿ ಹಳದಿ ಇರುವುದೇ ಅಪರೂಪ. ಇದರಲ್ಲಿ ಗುಂಡಗೆ ಕೂತಿತ್ತು.

"ಮೊಟ್ಟೆಗೆಲ್ಲ ತನಿಖೆ ಯಾಕಕ್ಕ? ನೋಡು, ಕುಂಟಿ ಬಂದ್ಲು."

ಒಂದು ಹೆಜ್ಜೆ, ಒಂದು ಎಳೆತ. ಆ ಸಪ್ಪಳ ಕೇಳಿ ಬೆಳಗ್ಗೆ ಎಷ್ಟು ಹಿಗ್ಗಿದ್ದರು.

"ಅವಳನ್ನ ಇಲ್ಲಿ ಕೊಡು."

"ಈಗ ಬೇಡ, ಕೈ ಕೊಳೆಯಾಗುತ್ತೆ."

"ಕೊಡು ಅಂದೆ."

* * *

ಮಡಿಲಿಗೆ ಬಂದ ಕೋಳಿಯ ಜುಟ್ಟು ಇನ್ನೂ ಪುಟ್ಟದು. ಕಾಲು ನುಣುಪು. ಪಾದದ ಮೇಲೆ, ಚರ್ಮಕ್ಕೆ ಕಚ್ಚಿಕೊಂಡಂತೆ ದಾರ ಬಿಗಿದಿತ್ತು. ಸುತ್ತ ಊದಿಕೊಂಡಿತ್ತು.

"ನಿನ್ನ ಕತ್ತರಿ ತಾ."

ತಂಗಿ ಟೈಲರ್. ಕತ್ತರಿ ಸದಾ ಅವಳ ಕೈಗೆಟುಕುವಲ್ಲೇ ಇರುತ್ತಿತ್ತು. ಇವತ್ತು ಅದು ಬರಲು ಬಹಳ ಹೊತ್ತು ಹಿಡಿಯಿತು. ದಾರ ಕತ್ತರಿಸಿ ಕೆಳಗೆ ಬಿಟ್ಟರು. ಕೋಳಿ ಒಮ್ಮೆ ಕಾಲು ಕೊಡವಿ, ಟಕಟಕನೆ ನಡೆದುಹೋಯಿತು.

"ಕಳ್ಳ ಬಂದಿದ್ರೆ ಗೂಡು ಖಾಲಿ ಮಾಡ್ಕೊಂಡು ಹೋಗ್ತಿದ್ದ. ಬದಲಿಗೆ ಬೇರೆ ಕೋಳಿ ಹುಡುಕಿ ತಂದಿಡ್ತಿರ್ಲಿಲ್ಲ. ಇವು ಎಳೇವು ಕಣೆ, ಈಗ ತಾನೇ ಮೊಟ್ಟೆಗೆ ಬಿದ್ದಿವೆ. ಚೊಚ್ಚಲ ಮೊಟ್ಟೆ, ಅದಕ್ಕೇ ಚಿಕ್ಕದು. ಕುಂಟಿನ ನಾನು ಸಪ್ಪಳದಲ್ಲೇ ಗುರುತು ಹಿಡೀತೀನಿ ಅಂತ ನಿನಗೊಬ್ಬಳಿಗೇ ಗೊತ್ತು. ಈ ಗಂಟೂ ನಿಂದೇ. ನನ್ನ ಯೂನಿಫಾರ್ಮಿನ ಗುಂಡಿಗಳಿಗೆಲ್ಲ ನೀನೇ ಹಾಕ್ತಿದ್ದೆ. ಹಳೇವೆಲ್ಲಿ?"

ತಂಗಿ ಕೆಳಗೆ ಬಿದ್ದಿದ್ದ ದಾರದ ತುಂಡನ್ನು ಎತ್ತಿಕೊಂಡಳು.

"ಡಾಕ್ಟರು ಸೂಪು ಕೊಡಿ ಅಂದ್ರು. ನಿನಗೆ ಎದ್ದು ಕೂರೋಕ್ಕಾಗ್ತಿರ್ಲಿಲ್ಲ. ಮನೇಲೇ ಇದ್ವಲ್ಲ ಅಂತ... ಹೇಳಿದ್ರೆ ನೀನು ಕುಡೀತಿದ್ಯಾ ಅಕ್ಕ?"

"ಕುಡೀತಿರ್ಲಿಲ್ಲ. ಆದ್ರೆ ನಿನ್ನನ್ನ ನಂಬ್ತಿದ್ದೆ. ಪಟ್ಟಿ ಕಟ್ಕೊಂಡು ಕೂತವಳ ಕಣ್ಣಿಗೂ ಮಣ್ಣೆರಚಿದೆಯಲ್ಲೇ. ಆ ಬಡಪಾಯಿ ಕಾಲಿಗೆ ದಾರ ಬಿಗಿಯುವಾಗ ಅದಕ್ಕೆ ನೋಯುತ್ತೆ ಅನ್ನಿಸಲಿಲ್ವಾ?"

ಆಸ್ಪತ್ರೆಯ ಮಂಚದ ಮೇಲೆ ತಾನೇ ಬಾಯಿಬಿಟ್ಟು ಹೇಳಿದ್ದು ನೆನಪಾಯಿತು. ಇವತ್ತು ಬಲು ರುಚಿ ಕಣೆ, ಇನ್ನೊಂದು ಲೋಟ ಹಾಕು. ಅವತ್ತಿನದು ಯಾವ ಕೋಳಿಯೆಂದು ಕೇಳುವ ಧೈರ್ಯ, ಕೊಲೆಗಾರರನ್ನು ಬಾಯಿಬಿಡಿಸಿದ್ದ ಆ ಹೆಂಗಸಿಗೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ತಂಗಿ ಮೂಗೊರೆಸಿಕೊಳ್ಳುತ್ತ ಬಂದು, ಎಂದಿನಂತೆ ಅಂಗೈಯಲ್ಲಿ ಮಾತ್ರೆ ಇಟ್ಟಳು. ಇನ್ಸ್‌ಪೆಕ್ಟರಮ್ಮ ಬಾಯಿಗೆ ಹಾಕಿಕೊಳ್ಳಲಿಲ್ಲ.

"ಆ ಫೀಡ್ ಅಂಗಡಿಯವನನ್ನ ಕರಿ," ಎಂದರು. "ಇದು ಯಾವ ಮಾತ್ರೆ ಅಂತ ಅವನು ಡಬ್ಬಿ ಓದಿ ಹೇಳಲಿ."