ಕೌದಿಯ ನಡುವಿನ ನೀಲಿ ಚೌಕ

ಕಲ್ಮೇಶ ಬಾಗಿಲಿಗೆ ಬಂದಾಗ ಅವನ ಹೆಗಲ ಮೇಲೆ ಒಂದು ಹೊಸ ಕೌದಿಯಿತ್ತು. ನನ್ನ ಹಳೆಯ ಬಟ್ಟೆಗಳ ತುಂಡುಗಳಿಂದಲೇ ಅವನ ಅವ್ವ ಚನ್ನವ್ವ ಹೊಲಿದದ್ದು.

"ಒಳಗ ಕರೀತಿಯೋ, ಇಲ್ಲೇ ಕಟ್ಟಿ ಮ್ಯಾಲ ಹಾಸಿಕೊಂಡು ಮಲಗ್ಲೋ?" ಎಂದ.

"ಚಪ್ಪಲಿ ಬಿಟ್ಟು ಬಾ. ಈಗಷ್ಟ ನೆಲ ಒರಸೀನಿ."

"ತಲಾಠಿಯಾದ ಮ್ಯಾಲೂ ನೆಲ ನೀನ ಒರಸ್ತಿ?"

"ಯಾಕ, ತಲಾಠಿಗೆ ಕೈ ಇರೂದಿಲ್ಲೇನು?"

ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಚೂರು ಮೊದಲು ಮುಚ್ಚುತ್ತದೆ. ಇಡೀ ತಿಕೋಂಡಿಯಲ್ಲಿ ಇದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು. ನನ್ನ ಕರ್ಮ.

ಏಳನೇ ಇಯತ್ತೆಯವರೆಗೆ ನಾವಿಬ್ಬರೂ ಒಂದೇ ಸಾಲೆ. ಈಗ ಅವನು ಜತ್ತ, ಉಮದಿ, ಮಾಡಗ್ಯಾಳ ಎಂದು ವಾರದ ಸಂತೆಗಳಲ್ಲಿ ಬಟ್ಟೆ ಮಾರುತ್ತಾನೆ. ಐದು ವರ್ಷದಿಂದ ನಾನು ತೊಟ್ಟದ್ದೆಲ್ಲ ಅವನೇ ಆರಿಸಿದ್ದು. ಗಂಟಿನ ತಳದಿಂದ ಒಂದು ಡ್ರೆಸ್ ತೆಗೆದು, "ಇದು ನಿನಗಂತ ಇಟ್ಟೀನಿ" ಎನ್ನುತ್ತಿದ್ದ. ಮೊದಲು ಬಟ್ಟೆ ನೋಡುವನು, ಆಮೇಲೆ ನನ್ನ ಮುಖ, ಮತ್ತೆ ಬಟ್ಟೆ. "ಒಪ್ತೈತಿ" ಎಂದು ಮೆಲ್ಲಗೆ ಹೇಳುವನು. ಆ ಒಂದು ಮಾತಿಗೆ ನನಗೆ ವಾರವಿಡೀ ನಿದ್ದೆ ಕಡಿಮೆ. ಅದರ ಮುಂದಿನ ಮಾತಿಗಾಗಿ ಐದು ವರ್ಷ ಕಾದೆ. ಆ ಪುಣ್ಯಾತ್ಮ ಆಡಲೇ ಇಲ್ಲ.

ಹೋದ ತಿಂಗಳು ಸರಕಾರಿ ನೌಕರಿಯ ನೇಮಣೂಕಿನ ಪತ್ರ ಬಂತು. ಸನಮಡಿಗೆ ತಲಾಠಿ, ಊರಿನ ಹೊಲಮನೆಗಳ ಲೆಕ್ಕ ಇಡುವವಳು. ಅದೇ ವಾರ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಒಂದೊಂದೇ ಬಟ್ಟೆ ಕೈಯಲ್ಲಿ ಹಿಡಿದು, ಈಗಿನ ನಾನು ಇದೇನಾ ಎಂದು ಕೇಳಿಕೊಳ್ಳಿ, ಅಲ್ಲವಾದರೆ ತೆಗೆದುಹಾಕಿ ಎಂದು ಒಬ್ಬಾಕೆ ಹೇಳುತ್ತಿದ್ದಳು. ಅವ್ವ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬಳೇ. ಕಪಾಟಿನ ಮುಂದೆ ಕೂತು ಕೇಳಿಕೊಂಡೆ. ಹಸಿರು ಚೂಡಿದಾರ್ ಹಿಡಿದರೆ, ಸಂತೆಯಲ್ಲಿ ಕೊಳ್ಳುವವಳ ಹಾಗೆ ನಟಿಸುತ್ತ ನಿಂತವಳು ನೆನಪಾದಳು. ಹಳದಿಯದು ಹಿಡಿದರೆ, ಅವನು ಬಾರದ ದಿನ ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಬಿಟ್ಟವಳು. ಎಲ್ಲವೂ ಕಾಯುವವಳ ಬಟ್ಟೆಗಳೇ.

ಮಧ್ಯಾಹ್ನದೊಳಗೆ ಕಪಾಟು ಖಾಲಿ. ಬೂದಿ, ಬಿಳಿ, ಕಂದು ಎಂದು ನಾಲ್ಕು ಕಾಟನ್ ಸೀರೆ ತರಿಸಿ ತೂಗುಹಾಕಿದೆ. ಹಳೆಯದರ ಗಂಟು ಕಟ್ಟಿ ಚನ್ನವ್ವನ ಮನೆಗೆ ಕಳಿಸಿದೆ. ಅರ್ಧ ಊರಿಗೆ ಕೌದಿ ಹೊಲಿಯುವವಳು ಅವಳೇ. ಬೇರೆ ಯಾರಿಗಾದರೂ ಕೊಡಬಹುದಿತ್ತು ನಿಜ. ಆದರೆ ಕಲ್ಮೇಶ ನೋಡಲಿ ಎನ್ನುವ ಸಿಟ್ಟಿತ್ತು ನನಗೆ.

ಅವನೀಗ ಕೌದಿ ಬಿಚ್ಚಿ ನೆಲದ ಮೇಲೆ ಹಾಸಿದ. ಗೋಡೆಯಿಂದ ಗೋಡೆಗೆ ಬಂತು.

"ಇಷ್ಟ್ಯಾಕ ಅಗಲ?"

"ಇಬ್ಬರಿಗೆ ಬೇಕಲ್ಲ" ಎಂದ, ಗೋಡೆಯ ಕ್ಯಾಲೆಂಡರ್ ನೋಡುತ್ತ. ಕಿವಿ ಕೆಂಪಾಗಿದ್ದವು.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಕೌದಿಗೆ ಹಾಕುವುದು ಹರಿದ ಬಟ್ಟೆ. ಹರಿಯದ ಬಟ್ಟೆ ಕೊಡುವುದು ಮದುವೆ ಗಟ್ಟಿಯಾದ ಹುಡುಗಿ ಮಾತ್ರ. ಅವಳ ಬಟ್ಟೆಗಳೆಲ್ಲ ಕೌದಿಯಾಗಿ ಅವಳ ಜೊತೆ ಗಂಡನ ಮನೆಗೆ ಹೋಗುತ್ತವೆ. ಎಲ್ಲರಿಗೂ ಗೊತ್ತಿರುವ ವಿಷಯ, ನನಗೂ ಗೊತ್ತು. ಗಂಟು ಕಟ್ಟುವಾಗ ತಲೆಗೇ ಬಂದಿರಲಿಲ್ಲ. ಒಂದು ಹೊಲಿಗೆಯೂ ಬಿಚ್ಚದ ಹದಿನೈದು ಡ್ರೆಸ್ಸುಗಳನ್ನು ಮದುವೆಯಾಗದ ಗಂಡಸಿನ ಮನೆಗೆ ನಾನೇ ಕಳಿಸಿದ್ದೆ.

"ಗಂಟು ಬಿಚ್ಚಿ ಅವ್ವ ಅತ್ತಬಿಟ್ಲು" ಎಂದ. "ಹುಡುಗಿ ತಾನಾಗೇ ಹೂಂ ಅಂದಾಳ ಅಂದ್ಲು. ಸಂಖ ಊರಾಗಿನ ಮಾವಗೂ ಹೇಳೀವಿ. ನಿಮ್ಮವ್ವ ಬಂದ ಕೂಡ್ಲೇ ಮಾತಾಡಾಕ ಬರ್ತೀವಿ."

ಕೌದಿಯ ನಟ್ಟನಡುವೆ ನೀಲಿ ಚೌಕಡಿಯ ಒಂದು ತುಂಡಿತ್ತು.

"ಇದು ನಂದಲ್ಲ" ಎಂದೆ.

"ನಂದು. ನೀ ಮೊದಲನೇ ಸಲ ಅಂಗಡಿಗೆ ಬಂದ ದಿನ ನಾ ಹಾಕ್ಕೊಂಡಿದ್ದ ಅಂಗಿ. ನಿನಗೆಲ್ಲಿ ನೆನಪಿರತೈತಿ."

ನೆನಪಿತ್ತು. ಮೇಲಿನ ಗುಂಡಿ ಇರಲಿಲ್ಲ ಅದಕ್ಕೆ.

"ಅದರ ಬುಡಕ ಅವ್ವ ರೊಟ್ಟಿ ಚೂರು ಇಟ್ಟು ಹೊಲದಾಳ. ಕೌದಿ ಹೊಟ್ಟಿ ಹಸದಿರಬಾರದಂತ." ಕೊನೆಗೂ ನನ್ನ ಮುಖ ನೋಡಿದ. "ಐದು ವರ್ಷ ಬಾಯಿ ಬರಲಿಲ್ಲ, ಶೈಲಾ. ನೀನ ಮೊದಲ ಹೇಳಿದಿ. ಭಾಳ ಚಲೋ ಆತು."

ನನಗೆ ಅವನ ಮೇಲೆ ಪ್ರೀತಿಯಿತ್ತು. ಆ ಕ್ಷಣ ಎದೆ ನೋಯುವಷ್ಟಿತ್ತು. ಆದರೆ ನಾನೆಲ್ಲಿ ಹೇಳಿದ್ದೆ? ಐದು ವರ್ಷ ನನ್ನನ್ನು ಕಾಯಿಸಿದವನು ಈಗ ಸಂಖದ ಮಾವನಿಗೂ ಹೇಳಿ ಆಮೇಲೆ ನನಗೆ ಹೇಳಲು ಬಂದಿದ್ದಾನೆ. ನನಗೆ ಪ್ರೀತಿಗಿಂತ ಸಿಟ್ಟು ಲಗೂನ ಬಾಯಿಗೆ ಬರುತ್ತದೆ, ಮೊದಲಿನಿಂದಲೂ.

"ನಾ ಏನೂ ಹೇಳಿಲ್ಲ, ಕಲ್ಮೇಶ. ಕಪಾಟು ತುಂಬಿತ್ತು, ಖಾಲಿ ಮಾಡೀನಿ ಅಷ್ಟ."

"ಒಂದೂ ಹರದಿರಲಿಲ್ಲ."

"ಹರದಿರಲಿಲ್ಲ. ನನಗ ಬ್ಯಾಡಾಗಿದ್ದು."

ಅವನ ನಗು ಇನ್ನೂ ಅರ್ಧ ಉಳಿದಿತ್ತು. "ಎಲ್ಲಾ ನಾನ ಆರಿಸಿದ್ದು."

"ಅದಕ್ಕ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಸೋಮವಾರದಿಂದ ನಾ ಕಚೇರಿಗೆ ಹೋಗಾಕಿ. ಸಂತ್ಯಾಗ ಆರಿಸಿದ್ದು ಇನ್ನ ನನಗ ನಡಿಯೂದಿಲ್ಲ. ಬಟ್ಟಿನೂ ಅಷ್ಟ, ಮಂದಿನೂ ಅಷ್ಟ."

ಅವನು ಸಿಟ್ಟು ಮಾಡಿಕೊಂಡಿದ್ದರೆ ನಾನು ಅತ್ತು ಅವನ ಕೈ ಹಿಡಿಯುತ್ತಿದ್ದೆ. ಸಿಟ್ಟು ಮಾಡಲಿಲ್ಲ. ಕೌದಿಯ ಒಂದು ಸುಕ್ಕನ್ನು ಅಂಗೈಯಿಂದ ಸವರಿ ಸರಿಮಾಡಿದ.

"ಕತ್ತರಿ ಇದ್ರ ಕೊಡು."

ಕೊಟ್ಟೆ. ನೀಲಿ ಚೌಕದ ಸುತ್ತ ಒಂದೊಂದೇ ನೂಲು ಬಿಡಿಸತೊಡಗಿದ. ಪಕ್ಕದ ನನ್ನ ಹಸಿರಿಗೆ ತುದಿ ತಾಗದಂತೆ ಜೋಪಾನವಾಗಿ. ಚನ್ನವ್ವನ ಹೊಲಿಗೆ ಸಣ್ಣದು, ಬಹಳ ಹೊತ್ತು ಹಿಡಿಯಿತು. ಬಿಡು, ಬಿಚ್ಚಬ್ಯಾಡ ಎನ್ನಲು ನನಗೆ ಅಷ್ಟೂ ಹೊತ್ತು ಇತ್ತು. ನಾನು ಹೇಳಿದ್ದು ಮಾತ್ರ ಇದು: "ನೂಲು ಕೆಳಗ ಬೀಳಸಬ್ಯಾಡ. ಈಗಷ್ಟ ಒರಸೀನಿ."

ನೂಲುಗಳನ್ನು ಅಂಗೈಯಲ್ಲಿ ಕೂಡಿಸಿಕೊಂಡ. ಚೌಕ ಕಿತ್ತು ಬಂತು, ಒಣಗಿದ ರೊಟ್ಟಿಯ ಚೂರು ನೆಲಕ್ಕೆ ಬಿತ್ತು. ಅದನ್ನು ಎತ್ತಿ, ಊದಿ, ಚೌಕದಲ್ಲಿ ಸುತ್ತಿ ಜೇಬಿಗಿಟ್ಟ.

"ಉಳದಿದ್ದೆಲ್ಲಾ ನಿಮ್ದರಿ" ಎಂದ. ಒಂದನೇ ಇಯತ್ತೆಯಿಂದ ನನ್ನನ್ನು ಏಕವಚನದಲ್ಲಿ ಕರೆದವನು. "ಥಂಡಿಗೆ ಬರತೈತಿ, ಇಟ್ಕೊಳ್ರಿ. ಬರ್ತೀನ್ರಿ ಮೇಡಂ."

ಹಿಂದಿರುಗಿ ನೋಡಲಿಲ್ಲ. ಚಪ್ಪಲಿ ಮೆಟ್ಟಿದ ಸದ್ದು ಮಾತ್ರ ಕೇಳಿಸಿತು.

ಕೌದಿಯ ಆ ತೂತಿಗೆ ನಾನು ಏನೂ ಹಚ್ಚಿಲ್ಲ. ಚಳಿಗಾಲ ಪೂರ್ತಿ ಅದನ್ನೇ ಹೊದ್ದೆ.

ಬೇಸಿಗೆಯಲ್ಲಿ ಅವನ ಮದುವೆಯಾಯಿತು. ಹುಡುಗಿ ಸನಮಡಿಯವಳು, ಹೆಸರು ಅನುರಾಧಾ. ಅವಳಿಗೆ ಸನಮಡಿಯಲ್ಲಿ ವಾಸವಿದ್ದುದಕ್ಕೆ ರಹಿವಾಸಿ ದಾಖಲೆ ಬೇಕಾಗಿ ಇಬ್ಬರೂ ನನ್ನ ಕಚೇರಿಗೇ ಬಂದರು. ಅವಳು ನವಿಲು ಬಣ್ಣದ ಸೀರೆ ಉಟ್ಟಿದ್ದಳು. ಯಾರು ಆರಿಸಿದ್ದೆಂದು ಕೇಳಬೇಕಿರಲಿಲ್ಲ. ನಾನು ಬೂದಿ ಬಣ್ಣದ್ದು ಉಟ್ಟಿದ್ದೆ.

"ನಿಮ್ಮ ಸೀರಿ ಭಾಳ ಚಲೋ ಐತ್ರಿ, ಮೇಡಂ" ಎಂದಳು ಪಾಪ, ಪ್ರೀತಿಯಿಂದ. ಗಂಡನ ಕಡೆ ತಿರುಗಿ, "ಹೌದಿಲ್ರಿ?" ಎಂದಳು.

ಕಲ್ಮೇಶ ನನ್ನ ಸೀರೆ ನೋಡಿದ. ಸೆರಗು, ಅಂಚು, ನೂಲು, ಬಟ್ಟೆ ವ್ಯಾಪಾರಿ ನೋಡುವ ಹಾಗೆ. ಮುಖದವರೆಗೆ ಕಣ್ಣು ಬರುವುದೆಂದು ಕಾದೆ. ಬರಲಿಲ್ಲ.

"ಹೂಂ" ಎಂದ. "ಮೇಡಂಗ ಒಪ್ತೈತಿ."

ನಾನು ಶಿಕ್ಕಾ ಒತ್ತಿ, ಸಹಿ ಮಾಡಿ, ಕಾಗದವನ್ನು ಅವನ ಹೆಂಡತಿಯ ಕೈಗೆ ಕೊಟ್ಟೆ.